ಹದಿನೇಳನೇ ದಿನದ ಅರವತ್ತೊಂದು ಇರುವೆಗಳು

೧

ಎಲ್ಲಿಂದ ಶುರುಮಾಡಲಿ? ಸುಮ್ಮನೆ ಶಾಸ್ತ್ರಕ್ಕೆ ಕೇಳುತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ. ಇರುವೆಯಿಂದ ಶುರುಮಾಡಿದರೆ ಮಕ್ಕಳ ಕಥೆಯಾಗುತ್ತದೆ. ಆಸ್ಪತ್ರೆಯಿಂದ ಶುರುಮಾಡಿದರೆ ನೀವು ಮೊದಲ ಪುಟದಲ್ಲೇ ಕರವಸ್ತ್ರ ಹುಡುಕುತ್ತೀರಿ, ಕೊನೆಗೆ ಯಾರೂ ಸಾಯಲಿಲ್ಲವಲ್ಲ ಎಂದು ನನ್ನ ಮೇಲೆ ಮುನಿಸಿಕೊಳ್ಳುತ್ತೀರಿ. (ಯಾರೂ ಸಾಯುವುದಿಲ್ಲ. ಈಗಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ತಕರಾರು ಬೇಡ.)

ಮೊದಲ ಕರಡು ಹೀಗಿತ್ತು: "ಸಂಜೆಯ ಹೊಂಬಿಸಿಲಿನಲ್ಲಿ ಬಾಲ್ಕನಿಯ ಕಂಬಿಯ ಮೇಲೆ ಇರುವೆಗಳು ಸಾಲುಗಟ್ಟಿ ಸಾಗುತ್ತಿದ್ದವು." ಹೊಂಬಿಸಿಲು ಎಂದು ಬರೆದ ಕೂಡಲೇ ನನಗೇ ನಾಚಿಕೆಯಾಗಿ ಹರಿದು ಹಾಕಿದೆ. ಎರಡನೇ ಕರಡು: "ಯುವಜನರೇ ನಡೆಸುವ ವಿಜ್ಞಾನ ಪತ್ರಿಕೆಯೊಂದರಲ್ಲಿ ಸ್ವಯಂಸೇವಕಿಯಾಗಿದ್ದ ಹುಡುಗಿಯೊಬ್ಬಳಿಗೆ ಒಂದು ದಿನ ತನ್ನ ಮನೆಯೇ ಒಂದು ಪ್ರಬಂಧವಾಗಿ ಬಂತು." ಇದು ವರದಿಯ ಹಾಗಿದೆ. ಆದರೆ ಇದರಲ್ಲಿ ಸುಳ್ಳಿಲ್ಲ. ಹಾಗಾಗಿ ಇದನ್ನೇ ಇಟ್ಟುಕೊಂಡು ಹೊರಡೋಣ. ನನಗೆ ವಿಜ್ಞಾನದಲ್ಲಿ ಬಂದದ್ದು ಮೂವತ್ತೈದು ಅಂಕ, ಅದರಲ್ಲೂ ಮೂರು ಮೇಷ್ಟ್ರ ಕೃಪೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

೨

ಹುಡುಗಿಯ ಅಡ್ಡಹೆಸರು ಕತ್ತರಿ. ವಯಸ್ಸು ಇಪ್ಪತ್ತು. ಪತ್ರಿಕೆಯಲ್ಲಿ ಕೆಲಸ ಮಾಡುವ ಹನ್ನೊಂದು ಜನರಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರಿದೆ. ಪರಸ್ಪರ ಮುಖತಃ ನೋಡದವರು, ವಾರಕ್ಕೊಮ್ಮೆ ಕಂಪ್ಯೂಟರ್ ಪರದೆಯ ಮೇಲೆ ಅಂಚೆಚೀಟಿಯಷ್ಟು ಮುಖ ತೋರಿಸಿ ಮಾಯವಾಗುವವರು. ಹದಿನೈದರಿಂದ ಇಪ್ಪತ್ತೆರಡು ವರ್ಷದವರು ಮಾತ್ರ ಬರೆಯಬಹುದು, ಹದಿನೈದರಿಂದ ಇಪ್ಪತ್ತೆರಡು ವರ್ಷದವರು ಮಾತ್ರ ತಿದ್ದಬಹುದು. ಇಪ್ಪತ್ಮೂರು ತುಂಬಿದ ದಿನ ಒಂದು ಪ್ರಮಾಣಪತ್ರ ಕೊಟ್ಟು ಬಾಗಿಲು ತೋರಿಸುತ್ತಾರೆ.

ಕತ್ತರಿಯ ಕೆಲಸ ಕೋಷ್ಟಕ ಪರಿಶೀಲನೆ. ಅಂದರೆ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಕೂತು ಬೀನ್ಸ್ ಬೀಜ ಎಷ್ಟು ಮೊಳಕೆಯೊಡೆಯಿತು, ಬಟ್ಟೆ ಎಷ್ಟು ಹೊತ್ತಿಗೆ ಒಣಗಿತು ಎಂದು ಅಳೆದು ಕಳಿಸುತ್ತಾರಲ್ಲ, ಆ ಅಂಕಿಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು. ಕೂಡಿಸಿದ್ದು ಸರಿಯಿದೆಯೇ, ಸರಾಸರಿ ಸರಿಯಿದೆಯೇ, ಗ್ರಾಮ್ ಅಂದಲ್ಲಿ ಕಿಲೋಗ್ರಾಮ್ ಆಗಿದೆಯೇ. ಬರೆದವರ ಹೆಸರು ಅವಳಿಗೆ ಕಾಣುವುದಿಲ್ಲ, ಪ್ರಬಂಧಕ್ಕೊಂದು ನಂಬರ್ ಇರುತ್ತದೆ ಅಷ್ಟೆ. ಬರೆದವರಿಗೂ ಅವಳ ಹೆಸರು ಗೊತ್ತಾಗುವುದಿಲ್ಲ. ಕುರುಡು ಪರಿಶೀಲನೆ ಎನ್ನುತ್ತಾರೆ ಇದಕ್ಕೆ. ಇದರಿಂದ ಮುಖ ನೋಡಿ ಮಣೆ ಹಾಕುವುದು ತಪ್ಪುತ್ತದೆ.

ಸಂಬಳ ಸೊನ್ನೆ. ಅಮ್ಮನ ಪ್ರಕಾರ ಇದು ಬಿಟ್ಟಿ ಚಾಕರಿ.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎನ್ನುತ್ತಾರೆ ಅವರು, ಮಗಳು ಲ್ಯಾಪ್‌ಟಾಪ್ ಮುಂದೆ ಕೂತಾಗಲೆಲ್ಲ. "ಯಾರದೋ ಲೆಕ್ಕ ತಿದ್ತೀಯ, ನಿನ್ನ ಮಂಚದ ಮೇಲಿನ ಬಟ್ಟೆ ಮಡಚೋಕೆ ಮಾತ್ರ ಟೈಮಿಲ್ಲ."

ಅಮ್ಮ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾರೆ. ಅಪ್ಪ ಲಿಫ್ಟ್ ರಿಪೇರಿಯವರು. ಮನೆಯಲ್ಲಿ ಫ್ಯಾನಿನ ಸದ್ದು ಬದಲಾದರೂ ಕಿವಿ ನಿಮಿರಿಸುತ್ತಾರೆ. ಹದಿನೇಳು ವರ್ಷದ ತಂಗಿಯೊಬ್ಬಳಿದ್ದಾಳೆ, ಮನೆಯಲ್ಲಿ ಅವಳು ಚಿಕ್ಕವಳು. ಅಕ್ಕತಂಗಿಯರಿಗೆ ಒಂದೇ ಕೋಣೆ, ಎರಡು ಮಂಚ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ.

(ಇಷ್ಟು ಬರೆದು ಮುಗಿಸುವಷ್ಟರಲ್ಲಿ ಕತ್ತರಿ ಬಂದು ನನ್ನ ಭುಜದ ಹಿಂದೆ ನಿಂತಿದ್ದಾಳೆ. "ಬಟ್ಟೆ ವಿಷಯ ಯಾಕೆ ಬರೆದ್ರಿ? ಕಥೆಗೆ ಅದು ಬೇಕಾ?" ಎಂದು ಕೇಳುತ್ತಿದ್ದಾಳೆ. ಬೇಕು ಎಂದೆ. ನಂಬಲಿಲ್ಲ.)

೩

ಇನ್ನೂರ ಹನ್ನೆರಡನೇ ನಂಬರಿನ ಪ್ರಬಂಧ ಒಂದು ಮಂಗಳವಾರ ಬಂತು. ಸರದಿಯ ಪ್ರಕಾರ ಅದು ಕತ್ತರಿಯ ಪಾಲಿಗೆ ಬಿತ್ತು. ಶೀರ್ಷಿಕೆ: ಬಾಲ್ಕನಿಯ ಕಂಬಿಯ ಮೇಲೆ ಇರುವೆಗಳ ಓಡಾಟಕ್ಕೂ ಗಾಳಿಯ ಉಷ್ಣತೆಗೂ ಇರುವ ಸಂಬಂಧ. ವಿಧಾನ ಸರಳ. ಕಂಬಿಗೆ ಅಡ್ಡಲಾಗಿ ಕೆಂಪು ಮಾರ್ಕರಿನಿಂದ ಒಂದು ಗೆರೆ ಎಳೆಯುವುದು. ಪ್ರತಿದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ಐದು ನಿಮಿಷ ನಿಂತು, ಗೆರೆ ದಾಟುವ ಇರುವೆಗಳನ್ನು ಎಣಿಸುವುದು, ಉಷ್ಣಮಾಪಕ ನೋಡಿ ಬರೆದಿಡುವುದು. ಹೀಗೆ ಮೂವತ್ತು ದಿನ.

ಚೆನ್ನಾಗಿದೆ ಅನ್ನಿಸಿತು ಅವಳಿಗೆ. ಭಾಷೆ ಅಚ್ಚುಕಟ್ಟು, ಬಡಾಯಿ ಇಲ್ಲ. ಅಂಥ ಪ್ರಬಂಧ ಹತ್ತಕ್ಕೊಂದು ಬಂದರೆ ಹೆಚ್ಚು. ನಾಲ್ಕನೇ ಪುಟಕ್ಕೆ ಬಂದಾಗ ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿ ಕಾಣಿಸಿತು:

"ಒಂಬತ್ತನೇ ದಿನ ಮನೆಯ ಸದಸ್ಯರೊಬ್ಬರು ಗೊತ್ತಿಲ್ಲದೆ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದರಿಂದ, ಅದೇ ಜಾಗದಲ್ಲಿ ಮತ್ತೆ ಎಳೆಯಲಾಯಿತು."

ಕತ್ತರಿ ಅದನ್ನು ಓದಿ ಮುಂದಿನ ಸಾಲಿಗೆ ಹೋದಳು. ಹೋದವಳು ವಾಪಸು ಬಂದಳು. ಒಂದು ಭಾನುವಾರ ಬಾಲ್ಕನಿಯಲ್ಲಿ ಬಟ್ಟೆ ಹರವುವಾಗ ಕಂಬಿಯ ಮೇಲೆ ಕೆಂಪು ಗೀಟು ಕಂಡು, "ಇದೇನಿದು ಗಲೀಜು" ಎಂದು ಗೊಣಗಿಕೊಂಡು, ಕೈಯಲ್ಲಿದ್ದ ಒದ್ದೆ ಚಿಂದಿಯಿಂದ ತಿಕ್ಕಿ ತೆಗೆದದ್ದು ಅವಳಿಗೆ ನೆನಪಾಯಿತು. ಚಿತ್ರ ತೆರೆದು ನೋಡಿದಳು. ಕಂಬಿಗೆ ತಗುಲಿಹಾಕಿದ ಉಷ್ಣಮಾಪಕದ ಹಿಂದೆ, ಅಂಚಿನಲ್ಲಿ, ತಮ್ಮ ಮನೆಯದೇ ಹಿಡಿ ಮುರಿದ ನೀಲಿ ಮಗ್ಗು.

ಮನೆಯ ಸದಸ್ಯರೊಬ್ಬರು ಎಂದರೆ ಅವಳೇ. ಎರಡು ವರ್ಷದಿಂದ ಊರಿನವರ ಪ್ರಬಂಧಗಳನ್ನೆಲ್ಲ ಹೊರಗೆ ನಿಂತು ತಿದ್ದುತ್ತಿದ್ದವಳು, ಈಗ ಒಂದು ಪ್ರಬಂಧದ ಒಳಗೆ, ಅದೂ ಅಡಿಟಿಪ್ಪಣಿಯಲ್ಲಿ, ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿದ್ದಳು.

ಚಿಕ್ಕವಳು ತಾನು ಏನು ಮಾಡುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ನಾಲ್ಕು ಗಂಟೆಗೆ ಬಾಲ್ಕನಿಯ ಕಡೆ ಬರುವವರು ಯಾರೂ ಇರುತ್ತಿರಲಿಲ್ಲ. ಅಕ್ಕ ಕಾಲೇಜಿನಿಂದ ಬರುತ್ತಿದ್ದದ್ದು ಆರಕ್ಕೆ.

ನಿಯಮ ಸ್ಪಷ್ಟವಿದೆ. ಬರೆದವರು ಯಾರೆಂದು ಗೊತ್ತಾದ ಕ್ಷಣವೇ ಪರಿಶೀಲಕರು ಪ್ರಧಾನ ಸಂಪಾದಕನಿಗೆ ತಿಳಿಸಿ ಪ್ರಬಂಧವನ್ನು ಕೆಳಗಿಡಬೇಕು. ಕತ್ತರಿ ತಿಳಿಸುವವಳೇ ಇದ್ದಳು. ಕಡತ ಮುಚ್ಚುವ ಮುನ್ನ ಸುಮ್ಮನೆ ಒಮ್ಮೆ ಕೋಷ್ಟಕದ ಮೇಲೆ ಕಣ್ಣಾಡಿಸಿದಳು. ಅಭ್ಯಾಸಬಲ.

ಹದಿನೇಳನೇ ದಿನ. ದಿನಾಂಕ ನೋಡಿದಳು. ಸಂಜೆ ೪.೦೦. ಉಷ್ಣತೆ ೩೧. ಇರುವೆಗಳು ೬೧.

ಅದು ಅಮ್ಮನ ಪಿತ್ತಕೋಶದ ಕಲ್ಲು ತೆಗೆದ ದಿನ. ಬೆಳಗ್ಗೆ ಏಳಕ್ಕೆ ನಾಲ್ವರೂ ಆಸ್ಪತ್ರೆಗೆ ಹೋಗಿದ್ದರು. ಮನೆಗೆ ಬೀಗ ಹಾಕಿದವಳು ಕತ್ತರಿಯೇ. ಕೀಲಿ ಅವಳ ಬ್ಯಾಗಿನಲ್ಲಿತ್ತು. ವಾಪಸು ಬಂದದ್ದು ಮರುದಿನ ಮಧ್ಯಾಹ್ನ.

೪

ಇಲ್ಲಿ ನಾನು ಆಸ್ಪತ್ರೆಯ ದೃಶ್ಯವನ್ನು ಇಡಬೇಕು. ಬರೆದೂ ಆಗಿದೆ. ಒಂದೂವರೆ ಪುಟ: ತಿಳಿಹಸಿರು ಗೋಡೆ, ಫಿನಾಯಿಲ್ ವಾಸನೆ, ಲಿಫ್ಟಿನ ಕರಕರ ಕೇಳಿ "ಇದರ ಬೇರಿಂಗ್ ಹೋಗಿದೆ" ಎಂದು ಚಡಪಡಿಸುವ ಅಪ್ಪ, ಅಮ್ಮನ ಕೈ ಹಿಡಿದು ಹನಿಗಣ್ಣಾಗಿ ಕೂತ ಕತ್ತರಿ.

"ಗೋಡೆ ತಿಳಿಹಸಿರು ಅಂತ ಯಾರು ಹೇಳಿದ್ರು?" ಎಂದಳು ಕತ್ತರಿ.

"ಆಸ್ಪತ್ರೆ ಗೋಡೆ ಸಾಮಾನ್ಯವಾಗಿ..."

"ಸಾಮಾನ್ಯವಾಗಿ ಬೇಡ. ನೀವು ಅಲ್ಲಿದ್ರಾ?"

"ಇರಲಿಲ್ಲ."

"ಹಂಗಿದ್ರೆ ತೆಗೀರಿ. ಹನಿಗಣ್ಣೂ ತೆಗೀರಿ, ನಾನು ಅವತ್ತು ಅಳ್ಲಿಲ್ಲ. ನಿದ್ದೆ ಬರ್ತಿತ್ತು. ಅಪ್ಪ ಬೇರಿಂಗ್ ಅಂದಿದ್ದು ನಿಜ, ಅದನ್ನ ಇಟ್ಕೊಳ್ಳಿ."

ಒಂದೂವರೆ ಪುಟದಲ್ಲಿ ಉಳಿದದ್ದು ಬೇರಿಂಗ್ ಒಂದೇ. ಓದುಗರೇ, ಇಂಥವಳನ್ನು ಕಟ್ಟಿಕೊಂಡು ಕಥೆ ಬರೆಯುವುದು ಎಷ್ಟು ಕಷ್ಟ ನೀವೇ ನೋಡಿ. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಇರದ ಕಡೆ ಇದ್ದೆನೆಂದು ತೋರಿಸಿಕೊಂಡು, ಖಾಲಿ ಜಾಗಕ್ಕೆ ಹೊಂದುವಂಥ ಬಣ್ಣ ತುಂಬುತ್ತಿದ್ದೆ. ನನ್ನ ಕಸುಬಿನಲ್ಲಿ ಇದಕ್ಕೆ ಕಲ್ಪನೆ ಎನ್ನುತ್ತಾರೆ, ಬಹುಮಾನವನ್ನೂ ಕೊಡುತ್ತಾರೆ. ಅವಳ ಕಸುಬಿನಲ್ಲಿ ಇದಕ್ಕೆ ಬೇರೆ ಹೆಸರಿದೆ.

೫

ಭಾನುವಾರ ಹನ್ನೊಂದರ ಹೊತ್ತಿಗೆ ಅಕ್ಕತಂಗಿಯರು ಬಾಲ್ಕನಿಯಲ್ಲಿ ಬೆಡ್‌ಶೀಟ್ ಹಿಂಡುತ್ತಿದ್ದರು. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ನಡುವೆ ಹಗ್ಗದಂತೆ ತಿರುಚಿದ ಬಟ್ಟೆ. ಐದು ದಿನದಿಂದ ಕತ್ತರಿಗೆ ಇನ್ನೂರ ಹನ್ನೆರಡು ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಪ್ರಧಾನನಿಗೆ ತಿಳಿಸಿರಲಿಲ್ಲ. ತಿಳಿಸಿದರೆ ಪ್ರಬಂಧ ಬೇರೆಯವರ ಕೈಗೆ ಹೋಗುತ್ತಿತ್ತು. ಹದಿನೇಳನೇ ದಿನ ಆ ಮನೆಗೆ ಬೀಗ ಬಿದ್ದಿತ್ತೆಂದು ಆ ಬೇರೆಯವರಿಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಸುಳ್ಳಂಕಿ ಅಚ್ಚಾಗುತ್ತಿತ್ತು. ಬೀಗದ ವಿಷಯವನ್ನೂ ಸೇರಿಸಿ ತಿಳಿಸಿದರೆ ತಂಗಿಯ ಹೆಸರಿಗೆ ಮಸಿ, ಮೂರು ವರ್ಷ ಯಾವ ಪ್ರಬಂಧವನ್ನೂ ಕಳಿಸುವಂತಿಲ್ಲ.

"ಅಮ್ಮನ ಆಪರೇಷನ್ ದಿನ," ಎಂದಳು ಕತ್ತರಿ, ಬಟ್ಟೆ ತಿರುಚುತ್ತಾ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನಾವು ನಾಲ್ಕೂ ಜನ ಅಲ್ಲೇ ಇದ್ವಲ್ಲ, ಮನೇಲಿ ಯಾರೂ ಇರಲಿಲ್ಲ, ಅಲ್ವಾ?"

ಚಿಕ್ಕವಳ ಕೈ ನಿಂತಿತು. ಅವಳ ಮುಖ ಕೆಂಪಾಗಲಿಲ್ಲ, ಬಿಳುಚಲಿಲ್ಲ. (ಎರಡನ್ನೂ ಬರೆದಿದ್ದೆ. ಎರಡೂ ಹೋದವು.)

"ಓ," ಎಂದಳು. "ನನ್ನದು ನಿನ್ನ ಹತ್ರ ಬಂದಿದೆ."

"ನಾನು ಹಂಗೆ ಹೇಳಿಲ್ಲ."

"ಹೇಳಬೇಕಾಗಿಲ್ಲ. ನೀನು ಯಾವತ್ತಾದ್ರೂ ಕರೆದು ನನ್ನ ಜೊತೆ ಬಟ್ಟೆ ಹಿಂಡಿದೀಯಾ?"

ನೀರು ಅವರಿಬ್ಬರ ಕಾಲ ಮೇಲೆ ಸುರಿಯುತ್ತಿತ್ತು. ಕತ್ತರಿ ನೇರವಾಗಿಯೇ ಕೇಳಿದಳು, "ಹದಿನೇಳನೇ ದಿನದ ಅಂಕಿ ಎಲ್ಲಿಂದ ಬಂತೇ?"

"ಅಕ್ಕ ಆಗಿ ಕೇಳ್ತಿದೀಯೋ, ಪತ್ರಿಕೆ ಆಗಿ ಕೇಳ್ತಿದೀಯೋ?"

"ಎರಡೂ."

"ಎರಡೂ ಆಗಲ್ಲ. ಪತ್ರಿಕೆ ಆದ್ರೆ ಬರೆದು ಕೇಳು, ಎಲ್ಲರನ್ನೂ ಕೇಳೋ ಹಾಗೆ. ಬರೆದು ಉತ್ತರ ಕೊಡ್ತೀನಿ. ನಿನಗೆ ಹೇಳದೆ ಯಾಕೆ ಕಳಿಸಿದೆ ಗೊತ್ತಾ? ಕತ್ತರಿ ತಂಗೀದು ಅಂತ ತಗೋಬಾರದು ಅಂತ. ನನ್ನ ಪಾಡಿಗೆ ನಾನು ಒಂದು ಸಲ ಆದ್ರೂ ಹೋಗಬೇಕು ಅಂತ." ಬೆಡ್‌ಶೀಟಿನ ತನ್ನ ತುದಿಯನ್ನು ಕಂಬಿಯ ಮೇಲೆ ಹಾಕಿದಳು. "ಅಂಕಿ ಎಲ್ಲಿಂದ ಬಂತು ಅಂತ ಈಗ ಕೇಳ್ತೀಯ. ಖಾಲಿ ಬಿಡೋಕೆ ಎಲ್ಲಿ ಬಿಟ್ರಿ ನೀವು?"

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ಇಬ್ಬರ ಕೋಣೆಯಾದ್ದರಿಂದ ಕತ್ತರಿ ಊಟದ ಹೊತ್ತಿನವರೆಗೂ ಅಡುಗೆಮನೆಯಲ್ಲೇ ಇದ್ದಳು.

೬

ಖಾಲಿ ಬಿಡೋಕೆ ಎಲ್ಲಿ ಬಿಟ್ರಿ ನೀವು. ಇದರ ಅರ್ಥ ನಿಮಗೆ ಹೇಳಬೇಕು.

ಒಂದು ವರ್ಷದ ಹಿಂದೆ ಪತ್ರಿಕೆಗೆ ಬರುತ್ತಿದ್ದ ಕೋಷ್ಟಕಗಳು ಹಲ್ಲುದುರಿದ ಬಾಯಿಯ ಹಾಗಿದ್ದವು. ಇಲ್ಲೊಂದು ಮನೆ ಖಾಲಿ, ಅಲ್ಲೆರಡು ಮನೆ ಖಾಲಿ. ಜ್ವರ ಬಂದಿತ್ತು, ಮರೆತುಹೋಯಿತು, ತಮ್ಮ ಉಷ್ಣಮಾಪಕ ಒಡೆದ. ಕತ್ತರಿಗೆ ರೋಸಿಹೋಗಿ, ಒಂದು ಮಧ್ಯಾಹ್ನ ಕೂತು, ಲೇಖಕರಿಗೆ ಸೂಚನೆಗಳ ಪಟ್ಟಿಗೆ ಹೊಸ ನಿಯಮವೊಂದನ್ನು ಸೇರಿಸಿದಳು: ಕೋಷ್ಟಕದಲ್ಲಿ ಒಂದು ಮನೆ ಖಾಲಿಯಿದ್ದರೂ ಪ್ರಬಂಧವನ್ನು ಓದದೆ ಹಿಂತಿರುಗಿಸಲಾಗುವುದು. ಎಲ್ಲರೂ ಮೆಚ್ಚಿದರು. ಪ್ರಧಾನ ಚಪ್ಪಾಳೆಯ ಚಿತ್ರ ಕಳಿಸಿದ. ಶಿಸ್ತು ಬಂತು ಎಂದರು.

ಬೆಡ್‌ಶೀಟ್ ಹಿಂಡಿದ ಭಾನುವಾರದ ಸಂಜೆ ಕತ್ತರಿ ಹಳೆಯ ಕಡತಗಳನ್ನು ತೆಗೆದು ನೋಡಿದಳು. ನಿಯಮಕ್ಕೆ ಮುಂಚಿನ ನಲವತ್ತು ಪ್ರಬಂಧಗಳಲ್ಲಿ ಇಪ್ಪತ್ತೊಂಬತ್ತಕ್ಕೆ ಖಾಲಿ ಮನೆಗಳಿದ್ದವು. ನಿಯಮದ ನಂತರ ಬಂದ ಮೂವತ್ತೆಂಟರಲ್ಲಿ ಒಂದಕ್ಕೂ ಇಲ್ಲ. ಒಂದೇ ಒಂದು ಮನೆಯೂ ಇಲ್ಲ. ಒಂದು ವರ್ಷದಲ್ಲಿ ಯಾರಿಗೂ ಜ್ವರ ಬರಲಿಲ್ಲ, ಯಾರೂ ಮರೆಯಲಿಲ್ಲ, ಯಾರ ತಮ್ಮನೂ ಏನನ್ನೂ ಒಡೆಯಲಿಲ್ಲ, ಯಾರ ಅಮ್ಮನಿಗೂ ಆಪರೇಷನ್ ಆಗಲಿಲ್ಲ.

ಅವಳು ಆ ಮೂವತ್ತೆಂಟನ್ನೂ ಮೊದಲಿಂದ ಮತ್ತೊಮ್ಮೆ ಎಣಿಸಿದಳು. (ಇದನ್ನು ಅವಳು ಕತ್ತರಿಸಲಿಲ್ಲ.)

೭

ಸೋಮವಾರ ಕತ್ತರಿ ತನ್ನ ಮಂಚದ ಮೇಲೆ ಕೂತು ಪತ್ರಿಕೆಯ ಪೋರ್ಟಲ್ ತೆರೆದು ಬರೆದಳು:

"ಮಾನ್ಯ ಲೇಖಕರೇ, ತಮ್ಮ ಪ್ರಬಂಧ ಸಂಖ್ಯೆ ೨೧೨ರ ಕೋಷ್ಟಕದಲ್ಲಿ ಹದಿನೇಳನೇ ದಿನದ ಎಣಿಕೆಯನ್ನು ಯಾರು, ಎಲ್ಲಿ ಮಾಡಿದರು ಎಂಬುದನ್ನು ದಯವಿಟ್ಟು ಖಚಿತಪಡಿಸಿ. ಇಂತಿ, ಪರಿಶೀಲಕರು."

ಮೂರಡಿ ಆಚೆ, ಇನ್ನೊಂದು ಮಂಚದ ಮೇಲೆ, ಫೋನು ಟಿಂಗ್ ಎಂದಿತು. ಚಿಕ್ಕವಳು ಗೋಡೆಯ ಕಡೆ ತಿರುಗಿಕೊಂಡು ಓದಿದಳು. ತುಂಬ ಹೊತ್ತು ಬೆರಳಾಡಿಸಿದಳು, ಅಳಿಸಿದಳು, ಮತ್ತೆ ಬೆರಳಾಡಿಸಿದಳು. ಕತ್ತರಿ ಪರದೆ ನೋಡುತ್ತಾ ಕೂತಿದ್ದಳು. ಇಬ್ಬರ ಬೆನ್ನೂ ಇಬ್ಬರಿಗೆ. ಬಾಗಿಲಲ್ಲಿ ಇಣುಕಿದ ಅಪ್ಪ "ಏನ್ರಮ್ಮಾ, ಇಷ್ಟೊಂದು ನಿಶ್ಶಬ್ದ" ಎಂದು ಹೇಳಿ ಹೊರಟುಹೋದರು.

ಉತ್ತರ ಬಂತು:

"ಮಾನ್ಯ ಪರಿಶೀಲಕರೇ, ಹದಿನೇಳನೇ ದಿನದ ಎಣಿಕೆಯನ್ನು ನಾನೇ, ಅದೇ ಜಾಗದಲ್ಲಿ, ಅದೇ ಸಮಯಕ್ಕೆ ಮಾಡಿದ್ದೇನೆ. ಎಣಿಕೆ ಸರಿಯಾಗಿದೆ. ಆದರೂ ಆ ಸಾಲನ್ನು ಖಾಲಿ ಬಿಡಬೇಕೆಂದು ಕೋರುತ್ತೇನೆ. ಕಾರಣ ವೈಯಕ್ತಿಕ."

ಕತ್ತರಿ ಎರಡು ಸಲ ಓದಿದಳು. ಮೂರನೇ ಸಲ ಓದುವಾಗ, ಅದುವರೆಗೂ ನೆನಪಿಗೆ ಬಾರದಿದ್ದ ಒಂದು ಸಂಗತಿ ನೆನಪಿಗೆ ಬಂತು. ಆಪರೇಷನ್ ದಿನ ಮೂರು ಗಂಟೆಗೆ, ಅಮ್ಮ ಇನ್ನೂ ಒಳಗಿರುವಾಗಲೇ, ಚಿಕ್ಕವಳು "ಸ್ವಲ್ಪ ಕೆಳಗೆ ಹೋಗ್ಬರ್ತೀನಿ" ಎಂದು ಎದ್ದು ಹೋಗಿದ್ದಳು. ಬಂದಾಗ ಐದೂಕಾಲು. "ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ?" ಎಂದು ಅಪ್ಪ ಗದರಿದ್ದರು. ಅವಳು ಉತ್ತರ ಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಮನೆಗೆ ನಲವತ್ತು ನಿಮಿಷ. ಕೀಲಿಯಿದ್ದ ಬ್ಯಾಗು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು, ಕತ್ತರಿ ತೂಕಡಿಸುತ್ತಿದ್ದಳು.

ನಾಲ್ಕಕ್ಕೆ ಅಮ್ಮನನ್ನು ಹೊರಗೆ ತಂದರು. ಕಣ್ಣು ಪೂರಾ ತೆರೆಯುವ ಮೊದಲೇ ಅಮ್ಮ ಕೇಳಿದ್ದು, "ಚಿಕ್ಕವಳೆಲ್ಲಿ?"

ಅಮ್ಮನ ಕೈ ಹಿಡಿದುಕೊಂಡಿದ್ದ ಕತ್ತರಿ ಹೇಳಿದ್ದಳು, "ಔಷಧಿ ತರೋಕೆ ಹೋಗಿದ್ದಾಳಮ್ಮ. ಕ್ಯೂ ಇದೆ." ಔಷಧಿ ಇಲ್ಲ, ಕ್ಯೂ ಇಲ್ಲ. ಆ ಹೊತ್ತಿಗೆ ಬಾಯಿಗೆ ಬಂದದ್ದು.

೮

ಈಗ ಕಥೆ ಎರಡು ದಾರಿಯಲ್ಲಿ ನಿಂತಿದೆ, ನಾನೂ ನಿಮ್ಮ ಜೊತೆಗೇ ನಿಂತಿದ್ದೇನೆ.

ಒಂದು: ಚಿಕ್ಕವಳು ಎಣಿಸಲಿಲ್ಲ. ಆ ಎರಡು ಗಂಟೆ ಆಸ್ಪತ್ರೆಯ ಮೆಟ್ಟಿಲ ಮೇಲೋ ಹೊರಗಿನ ಬೆಂಚಿನ ಮೇಲೋ ಹೆದರಿ ಕೂತಿದ್ದಳು. ಅರವತ್ತೊಂದು ಆಮೇಲೆ ಹುಟ್ಟಿಸಿದ ಅಂಕಿ. ಹಾಗಿದ್ದರೆ ಅವಳು ಸುಳ್ಳುಗಾತಿ.

ಎರಡು: ಎಣಿಸಿದಳು. ಅಮ್ಮನ ಹೊಟ್ಟೆಯನ್ನು ಕೊಯ್ಯುತ್ತಿರುವಾಗ, ಅಕ್ಕನ ಬ್ಯಾಗಿನಿಂದ ಕೀಲಿ ಕದ್ದು, ಬಸ್ಸು ಹತ್ತಿ, ಬೀಗ ತೆಗೆದು, ಐದು ನಿಮಿಷ ಇರುವೆ ಎಣಿಸಿ, ಬೀಗ ಹಾಕಿ, ಬಸ್ಸು ಹತ್ತಿ ವಾಪಸು ಬಂದಳು. ಹಾಗಿದ್ದರೆ ಅವಳ ಅಂಕಿ ಅಪ್ಪಟ ಸತ್ಯ. ಅಮ್ಮ ಕಣ್ಣು ಬಿಟ್ಟು ಹುಡುಕುವಾಗ ಅವಳು ಅಲ್ಲಿರಲಿಲ್ಲ.

ಯಾವುದು ವಾಸಿ ಎಂದು ನನ್ನನ್ನು ಕೇಳಬೇಡಿ. ಎರಡರ ಬುಡದಲ್ಲೂ ಇರುವುದು ಕತ್ತರಿ ಬರೆದ ಒಂದೇ ಸಾಲಿನ ನಿಯಮ. ಅದು ಅವಳಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಅವಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ನಾನು ಅವಳಿಗೆ ಒಂದು ಉಪಕಾರ ಮಾಡಲು ಹೋದೆ. ಆ ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನ ಹತ್ತಿರ ಒಂದು ರಿಜಿಸ್ಟರ್ ಇರುತ್ತದೆ. ರೋಗಿಯ ಕಡೆಯವರು ಎಷ್ಟು ಗಂಟೆಗೆ ಹೊರಗೆ ಹೋದರು, ಎಷ್ಟು ಗಂಟೆಗೆ ಒಳಗೆ ಬಂದರು, ಎಲ್ಲಾ ಬರೆಸುತ್ತಾರೆ. ಗೇಟು ದಾಟಿದ್ದರೆ ಅವಳ ಸಹಿ ಇರುತ್ತದೆ, ದಾಟದಿದ್ದರೆ ಇರುವುದಿಲ್ಲ.

"ನನಗೆ ಒಂದು ವಾಕ್ಯದ ಕೆಲಸ," ಎಂದೆ ಕತ್ತರಿಗೆ. "ನೀನು ಹೂಂ ಅಂದರೆ ನಾಳೆ ಬೆಳಗ್ಗೆ ನಿನ್ನನ್ನು ಆ ಗೇಟಿನ ಮುಂದೆ ನಿಲ್ಲಿಸುತ್ತೇನೆ. ಕಾವಲಿನವನನ್ನೂ ಒಳ್ಳೆಯವನನ್ನಾಗಿ ಮಾಡುತ್ತೇನೆ. ಪುಟ ತಿರುಗಿಸುತ್ತಾನೆ, ಗೊತ್ತಾಗಿಬಿಡುತ್ತದೆ."

ಎರಡು ವರ್ಷದಲ್ಲಿ ಒಂದು ದಶಾಂಶ ಬಿಂದುವನ್ನೂ ಪರೀಕ್ಷಿಸದೆ ಬಿಟ್ಟವಳಲ್ಲ ಅವಳು. ಹೂಂ ಅನ್ನುತ್ತಾಳೆ ಎಂದೇ ಅಂದುಕೊಂಡಿದ್ದೆ. ಗೇಟಿನ ವರ್ಣನೆಯನ್ನು ಅರ್ಧ ಬರೆದೂ ಇಟ್ಟಿದ್ದೆ.

"ಬೇಡ," ಎಂದಳು.

"ಯಾಕೆ?"

"ಬೇಡ ಅಂದ್ರೆ ಬೇಡ. ಅವಳು ಎಲ್ಲಿದ್ಲು ಅಂತ ನಾನು ಅವಳ ಹಿಂದೆ ಹೋಗಿ ಯಾರದೋ ಪುಸ್ತಕದಲ್ಲಿ ನೋಡಲ್ಲ. ಅವಳು ನನ್ನ ತಂಗಿ ಕಣ್ರೀ."

ಗೇಟಿನ ವರ್ಣನೆ ದಂಡವಾಯಿತು. ಚೆನ್ನಾಗಿತ್ತು ಅದು, ಇರಲಿ.

೯

(ಇಲ್ಲಿ ಮೂರು ಮುಕ್ತಾಯಗಳಿದ್ದವು. ಮೊದಲನೆಯದರಲ್ಲಿ ಕತ್ತರಿ ಕಣ್ಣು ಮುಚ್ಚಿಕೊಂಡು ಪ್ರಬಂಧವನ್ನು ಸ್ವೀಕರಿಸುತ್ತಾಳೆ, ಅದಕ್ಕೆ ವರ್ಷದ ಅತ್ಯುತ್ತಮ ಪ್ರಬಂಧವೆಂಬ ಮನ್ನಣೆ ಬರುತ್ತದೆ, ವೇದಿಕೆಯ ಮೇಲೆ ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಕತ್ತರಿ ನಕ್ಕಳು: "ನಮ್ಮ ಪತ್ರಿಕೆಗೆ ವೇದಿಕೆ ಎಲ್ಲಿದೆ? ಹನ್ನೊಂದು ಜನಕ್ಕೆ ಕುರ್ಚಿನೂ ಇಲ್ಲ." ಎರಡನೆಯದರಲ್ಲಿ ಅವಳು ತನ್ನದೇ ನಿಯಮದಂತೆ ಖಾಲಿ ಸಾಲಿನ ಪ್ರಬಂಧವನ್ನು ಹಿಂತಿರುಗಿಸುತ್ತಾಳೆ, ಮಾಡಿದ್ದುಣ್ಣೋ ಮಹಾರಾಯ ಎಂಬ ಧಾಟಿ. ಇದನ್ನು ಚಿಕ್ಕವಳೇ ಬಂದು ಹರಿದಳು. ಮೂರನೆಯದು ಇರುವೆಗಳ ದೃಷ್ಟಿಕೋನದಿಂದ ಇತ್ತು. ಅದರ ಬಗ್ಗೆ ನಾವು ಮಾತಾಡುವುದು ಬೇಡ.)

೧೦

ಶನಿವಾರ ಮೂರಕ್ಕೆ ಪತ್ರಿಕೆಯ ವಾರದ ಸಭೆ. ಪ್ರಧಾನನಿಗೆ ಇಪ್ಪತ್ತೊಂದು ವರ್ಷ. ಮನೆ ತುಂಬ ಜನವಿರುವುದರಿಂದ ಅವನು ಯಾವಾಗಲೂ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಸಭೆ ನಡೆಸುತ್ತಾನೆ, ಹತ್ತಿಳಿಯುವವರಿಗೆ ಆಗಾಗ ಕಾಲು ಸರಿಸುತ್ತಾನೆ. ಮುಂದಿನ ಸಂಚಿಕೆ, ಮುಖಪುಟ, ಯಾರದೋ ಪರೀಕ್ಷೆ. ಕೊನೆಯಲ್ಲಿ ಕತ್ತರಿ ಮೈಕ್ ತೆರೆದಳು.

"ಖಾಲಿ ಮನೆ ನಿಯಮ ತೆಗೀಬೇಕು," ಎಂದಳು.

"ನೀನೇ ಮಾಡಿದ್ದಲ್ವಾ?" ಎಂದ ಪ್ರಧಾನ. "ಅದು ಬಂದ ಮೇಲೇ ಅಲ್ವಾ ಕ್ವಾಲಿಟಿ ಬಂದಿದ್ದು?"

"ಬಂದಿಲ್ಲ. ಮೂವತ್ತೆಂಟು ಪ್ರಬಂಧ, ಒಂದೂ ಮನೆ ಖಾಲಿ ಇಲ್ಲ. ನಂಬ್ತೀಯಾ ನೀನು? ನಾವು ಖಾಲಿ ಬಿಟ್ರೆ ಓದಲ್ಲ ಅಂದ್ವಿ. ಅವ್ರು ತುಂಬಿಸಿ ಕಳಿಸಿದ್ರು. ಎಷ್ಟು ನಿಜ, ಎಷ್ಟು ಸುಳ್ಳು, ನಮಗೆ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ."

ಪರದೆಯ ಮೇಲೆ ಹತ್ತು ಅಂಚೆಚೀಟಿಗಳು ಕಣ್ಣು ಮಿಟುಕಿಸಿದವು.

"ಇದು ಈಗ ಯಾಕೆ ತಲೆಗೆ ಬಂತು?" ಎಂದ ಪ್ರಧಾನ.

ಇಲ್ಲಿ ಅವಳು ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಸುಮ್ಮನೆ ಯೋಚನೆ ಬಂತು ಎಂದಿದ್ದರೆ ಸಾಕಿತ್ತು, ಅವನು ಮತ್ತೊಮ್ಮೆ ಕಾಲು ಸರಿಸಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದ. ನಾನು ಅವಳಿಗೆ ಆ ವಾಕ್ಯವನ್ನು ಬರೆದುಕೊಟ್ಟೂ ಇದ್ದೆ.

"ಇನ್ನೂರ ಹನ್ನೆರಡು ನನ್ನ ತಂಗೀದು," ಎಂದಳು ಕತ್ತರಿ. "ಹನ್ನೊಂದು ದಿನದಿಂದ ಗೊತ್ತು. ಹೇಳಲಿಲ್ಲ. ಅವಳು ಒಂದು ಸಾಲು ಖಾಲಿ ಬಿಡಿ ಅಂತ ಕೇಳಿದಾಳೆ. ನನ್ನ ಕೈಯಲ್ಲಿದ್ರೆ ಬಿಡ್ತೀನಿ. ಬೇರೆಯವರ ಕೈಗೆ ಹೋದ್ರೆ ನಿಯಮದ ಪ್ರಕಾರ ಓದದೆ ವಾಪಸ್ ಕಳಿಸ್ತಾರೆ. ಅದಕ್ಕೇ ಸುಮ್ಮನಿದ್ದೆ. ತಪ್ಪು ನಂದು."

ಪ್ರಧಾನ ತುಂಬ ಹೊತ್ತು ತಲೆ ಕೆರೆದುಕೊಂಡ. ಕೊನೆಗೆ, ಇನ್ನೂರ ಹನ್ನೆರಡು ಬೇರೆಯವರಿಗೆ ಹೋಗು‌ತ್ತದೆ, ಕತ್ತರಿ ಆರು ತಿಂಗಳು ಕೋಷ್ಟಕ ಮುಟ್ಟುವಂತಿಲ್ಲ, ನಿಯಮದ ಬಗ್ಗೆ ಮುಂದಿನ ವಾರ ಮತ ಹಾಕೋಣ ಎಂದ. ಮತ ಎತ್ತ ಬೀಳುತ್ತದೋ ನನಗೆ ಗೊತ್ತಿಲ್ಲ. ಮೂವತ್ತೆಂಟು ಜನಕ್ಕೆ ಪತ್ರ ಬರೆಯಬೇಕೆಂದು ಒಬ್ಬಳು ಹೇಳಿದಳು, ಬರೆದರೆ ಪತ್ರಿಕೆಯ ಮಾನ ಏನಾಗಬೇಕು ಎಂದು ಇನ್ನೊಬ್ಬ ಹೇಳಿದ. ಹದಿನಾರು ವರ್ಷದವನೊಬ್ಬ "ನಂದೂ ಒಂದು ಪ್ರಬಂಧ ಬಂದಿತ್ತು ಹೋದ ವರ್ಷ" ಎಂದು ಹೇಳಿ, ಯಾರೂ ಏನೂ ಕೇಳದಿದ್ದರೂ, ತನ್ನ ಕ್ಯಾಮೆರಾ ಮುಚ್ಚಿಕೊಂಡ.

ಕತ್ತರಿ ಲ್ಯಾಪ್‌ಟಾಪ್ ಮಡಚಿ ತಿರುಗಿದಾಗ ಬಾಗಿಲಲ್ಲಿ ಚಿಕ್ಕವಳು ನಿಂತಿದ್ದಳು.

"ತಂಗೀದು ಅಂತ ಹೇಳಿಬಿಟ್ಟೆ," ಎಂದಳು. "ಇನ್ನು ತಗೊಂಡ್ರೂ ನಿನ್ನಿಂದ, ಬಿಟ್ರೂ ನಿನ್ನಿಂದ. ನನ್ನದು ಅಂತ ಒಂದು ಉಳೀಲಿಲ್ಲ."

ದುಃಖವಾಯಿತು ಕತ್ತರಿಗೆ, ತುಂಬಾ ದುಃಖವಾಯಿತು. ಈ ಸಲ ನಾನು ಸೇರಿಸಿದ್ದಲ್ಲ.

೧೧

ಅಡುಗೆಮನೆಯ ಮೇಜಿನ ಮೇಲೆ ಅಮ್ಮ ಹಸಿ ಬಟಾಣಿ ಸುರಿದುಕೊಂಡು ಕೂತಿದ್ದರು. ಭಾರ ಎತ್ತಬಾರದೆಂದು ವೈದ್ಯರು ಹೇಳಿದ ಮೇಲೆ ಅಂಗಡಿಗೆ ರಜೆ ಹಾಕಿ, ಕೂತು ಮಾಡುವ ಕೆಲಸಗಳನ್ನೆಲ್ಲ ಹುಡುಕಿ ಹುಡುಕಿ ಮಾಡುತ್ತಿದ್ದರು. ಇಬ್ಬರನ್ನೂ ಕೂಗಿ ಕರೆದು ಎದುರುಬದುರು ಕೂರಿಸಿದರು.

"ಒಂದು ವಾರದಿಂದ ನೋಡ್ತಿದೀನಿ. ಎಣ್ಣೆ ಸೀಗೇಕಾಯಿ ಆಗಿದೀರ ಇಬ್ಬರೂ. ಏನದು?"

ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕವಳು, ತಲೆ ಎತ್ತದೆ, "ಅಮ್ಮ, ನಿನ್ನ ಆಪರೇಷನ್ ದಿನ ನಾನು..." ಎಂದು ಶುರುಮಾಡಿದಳು.

"ಗೊತ್ತು ಬಿಡೇ," ಎಂದರು ಅಮ್ಮ. ಅವರ ಮುಖ ಮೆತ್ತಗಾಯಿತು. "ಅದನ್ನ ನಾನು ಹೇಗೆ ಮರೀತೀನಿ? ಎಚ್ಚರ ಆದಾಗ ನೀನೇ ಅಲ್ವಾ ನನ್ನ ಕೈ ಹಿಡ್ಕೊಂಡು ಕೂತಿದ್ದು. ಆ ಹೊತ್ತಲ್ಲಿ ನನಗೆ ಅದೊಂದೇ ಧೈರ್ಯ. ಇವಳು ಪಾಪ ಔಷಧಿ ತರೋಕೆ ಹೋಗಿದ್ಲು."

ಅಮ್ಮನಿಗೆ ಅರಿವಳಿಕೆಯ ಮಂಪರು ಇನ್ನೂ ಇಳಿಯದ ಹೊತ್ತು ಅದು. ಕಂಡದ್ದು ಅರ್ಧ, ಕೇಳಿದ್ದು ಅರ್ಧ. ಉಳಿದದ್ದನ್ನು ಅವರೇ ತುಂಬಿಸಿಕೊಂಡಿದ್ದರು, ನಾಲ್ಕು ವಾರದಿಂದ ಅದನ್ನು ಒಳಗೆ ಇಟ್ಟುಕೊಂಡು ಸುಖವಾಗಿದ್ದರು.

ಕತ್ತರಿಯ ಬಲಗೈ ಮೇಜಿನ ಮೇಲಿತ್ತು. ಅಮ್ಮ ಹಿಡಿದದ್ದು ಆ ಕೈ. ಉಂಗುರದ ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು, ಗಂಟೆ ನಾಲ್ಕೂ ಹತ್ತು, ಗೋಡೆ ತಿಳಿಹಸಿರಲ್ಲ, ಬಿಳಿ. ಇಷ್ಟು ಖಚಿತವಾದ ದಾಖಲೆ ಅವಳ ಹತ್ತಿರ ಇನ್ನೊಂದಿಲ್ಲ. ತಿದ್ದುಪಡಿ ನಾಲಿಗೆಯ ತುದಿಗೆ ಬಂದಿತ್ತು. ತಂಗಿ ಅವಳ ಕಡೆ ನೋಡುತ್ತಿದ್ದಳು.

"ಹೌದಮ್ಮ," ಎಂದಳು ಕತ್ತರಿ. "ಕ್ಯೂ ತುಂಬ ಉದ್ದ ಇತ್ತು."

ಅಮ್ಮ "ಇರುತ್ತೆ, ಇರುತ್ತೆ" ಎಂದು ಇನ್ನೊಂದು ಬಟಾಣಿ ಬಿಡಿಸಿದರು.

ಓದುಗರೇ, ಕಥೆಯನ್ನು ಇಲ್ಲಿ ಮುಗಿಸಬೇಕೆಂದು ನನಗೆ ತುಂಬ ಆಸೆಯಿತ್ತು. ದೊಡ್ಡವಳು ದೊಡ್ಡವಳಾದಳು, ನಾನು ಪೆನ್ನು ಕೆಳಗಿಟ್ಟೆ, ನೀವು ನಿಟ್ಟುಸಿರು ಬಿಟ್ಟಿರಿ. ಕತ್ತರಿಯೂ ಒಪ್ಪಿಕೊಂಡಿದ್ದಳು. ಒಪ್ಪದೇ ಇದ್ದವಳು ಚಿಕ್ಕವಳೊಬ್ಬಳೇ. ಅವಳು ನನ್ನನ್ನು ಕೇಳಲೂ ಇಲ್ಲ. ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟು, ಅಕ್ಕನ ಮುಖದಿಂದ ಕಣ್ಣು ತೆಗೆಯದೆ, "ಅಮ್ಮ, ಹಾಗಲ್ಲ ಅದು," ಎಂದಳು, ಮುಂದಿನದನ್ನು ಹೇಳುವುದಕ್ಕೆ ಉಸಿರು ಎಳೆದುಕೊಂಡಳು.